ಓದುಗರ ಸ್ಪಂದನ: ‘ವಂಶದಲ್ಲೇ ಬಂದಿದೆ’ ಅಂತ ಸುಮ್ಮನಿರಬೇಕಾ?

ಸಮಸ್ಯೆ: ಒಂಬತ್ತು ವರ್ಷದ ಮಗಳ ತೂಕ ವಯಸ್ಸಿಗಿಂತ ತುಂಬಾ ಜಾಸ್ತಿ. ಅವಳ ಅಪ್ಪ, ಅಜ್ಜಿ ಇಬ್ಬರೂ ದಪ್ಪ. ‘ವಂಶದಲ್ಲೇ ಬಂದಿದೆ, ಏನು ಮಾಡಿದರೂ ಅಷ್ಟೇ’ ಅನ್ನುತ್ತಾರೆ ಮನೆಯವರು. ಅದೇ ಊಟ ಮಾಡುವ ಮಗ ಸಣಕಲ. ಏನು ಮಾಡಲಿ?

* ವಂಶದ ಮಾತು ಸುಳ್ಳೇನಲ್ಲ. ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿ ಬೆಳೆದವರನ್ನು ನೋಡಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರ ಮೈಕಟ್ಟು ಸಾಕಿದವರದ್ದಕ್ಕಲ್ಲ, ಹೆತ್ತವರದ್ದಕ್ಕೆ ಹೊಂದುತ್ತಿತ್ತು. ಆದರೆ ‘ಅಷ್ಟೇ’ ಅನ್ನೋದನ್ನು ಒಪ್ಪಲ್ಲ. ತೂಕದ ಜೊತೆ ನಂಟಿದೆ ಅಂತ 2007ರಲ್ಲಿ ಪತ್ತೆಯಾದ ಎಫ್‌ಟಿಒ ಜೀನನ್ನೇ ನೋಡಿ. ಅದರ ತೂಕ ಏರಿಸುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ, ಯಾರಿಂದಲೂ ಬಾರದವರಿಗಿಂತ ದೊಡ್ಡವರಲ್ಲಿ ಸರಾಸರಿ 3 ಕಿಲೋ ವ್ಯತ್ಯಾಸ. ಬರೀ ಮೂರು! ಇಂಥ ಜೀನ್‌ಗಳು ನೂರಾರಿವೆ, ಒಂದೊಂದರದ್ದೂ ಚೂರುಪಾರು ಪಾಲು. ಹೆಚ್ಚಿನವು ಕೈಯಾಡಿಸುವುದು ಮಿದುಳಿನಲ್ಲಿ: ಹಸಿವು ಎಷ್ಟು, ಹೊಟ್ಟೆ ತುಂಬಿತು ಅಂತ ಗೊತ್ತಾಗುವುದು ಯಾವಾಗ. ಅದಕ್ಕೇ ಒಂದೇ ಪಾತ್ರೆಯಿಂದ ಬಡಿಸಿದರೂ ಒಬ್ಬರು ಅರ್ಧಕ್ಕೇ ಸಾಕು ಅಂತಾರೆ, ಇನ್ನೊಬ್ಬರು ತಟ್ಟೆ ಖಾಲಿ ಮಾಡಿ ಮತ್ತೆ ಪಾತ್ರೆ ಕಡೆ ನೋಡುತ್ತಾರೆ. ಅಕ್ಕ ತಮ್ಮ ಅಂದ ಮಾತ್ರಕ್ಕೆ ಇಬ್ಬರಿಗೂ ಅದೇ ಜೀನ್‌ಗಳು ಸಿಕ್ಕಿರಬೇಕಿಲ್ಲ. ನಿಮ್ಮ ಮಗಳದ್ದು ಬಾಯಿಚಪಲ ಅಂತ ದಯವಿಟ್ಟು ಬೈಯಬೇಡಿ.
– ಜೀವಶಾಸ್ತ್ರ ಶಿಕ್ಷಕಿ

* ಮೊದಲು ಎತ್ತರ ಅಳೆಯಿರಿ. ಸಾಮಾನ್ಯವಾಗಿ ದಪ್ಪಗಿರುವ ಮಕ್ಕಳು ವಯಸ್ಸಿಗೆ ತಕ್ಕಷ್ಟೋ ಸ್ವಲ್ಪ ಜಾಸ್ತಿಯೋ ಎತ್ತರ ಇರುತ್ತಾರೆ. ತೂಕ ಏರುತ್ತಿದ್ದು ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್‌ನಂಥ ಹಾರ್ಮೋನ್ ತೊಂದರೆ ಇರಬಹುದು, ಬೇಗ ತೋರಿಸಿ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಅದನ್ನೂ ಹೇಳಿ, ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಅನ್ನುವುದರ ಗುರುತು. ಒಂದೇ ಜೀನ್ ಕೆಟ್ಟು ಮೈ ಬರುವುದೂ ಉಂಟು, ಆದರೆ ಅಪರೂಪ. ಹೀಗೆ ಜೀನ್ ಕೆಟ್ಟು, ಹಸಿವಿಗೆ ಕಡಿವಾಣ ಹಾಕುವ ಲೆಪ್ಟಿನ್ ಹಾರ್ಮೋನೇ ಇಲ್ಲದ ಇಬ್ಬರು ಮಕ್ಕಳ ವಿಷಯ 1997ರಲ್ಲಿ ವರದಿಯಾಯಿತು. ಅಂಥವರಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರೆ ಹಸಿವೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಐದು ವರ್ಷದೊಳಗೇ ವಿಪರೀತ ಮೈ ಬಂದು, ಎಷ್ಟು ತಿಂದರೂ ತಣಿಯದ ಹಸಿವಿದ್ದರೆ ಜೀನ್ ಪರೀಕ್ಷೆ ಬಗ್ಗೆ ವೈದ್ಯರನ್ನು ಕೇಳಿ. ಉಳಿದವರಿಗೆ ಸುಮ್ನೆ ದುಡ್ಡು ದಂಡ.
– ಮಕ್ಕಳ ವಿಭಾಗದ ನರ್ಸ್

* ಜೀನ್ ಪುರಾಣ ಸಾಕು! 5ರಿಂದ 19 ವಯಸ್ಸಿನವರಲ್ಲಿ ಬೊಜ್ಜು ಇದ್ದವರು ಜಗತ್ತಿನಲ್ಲಿ 1990ರಲ್ಲಿ ಶೇ 2, 2022ರಲ್ಲಿ ಶೇ 8. ಅಷ್ಟರಲ್ಲಿ ಯಾರ ವಂಶ ಬದಲಾಯಿತು? ಬದಲಾಗಿದ್ದು ತಿನ್ನೋದು, ಕೂರೋದು, ಮಲಗೋದು, ಅಲ್ವಾ?
– ಒಬ್ಬ ಅಜ್ಜ

* ನಾನೂ ದಪ್ಪ ಹುಡುಗಿಯಾಗೇ ಬೆಳೆದವಳು. ಎಲ್ಲರ ಮುಂದೆ ತಿಂಡಿ ಡಬ್ಬ ನನ್ನ ಕೈಯಿಂದ ಕಿತ್ತು ಅಣ್ಣನಿಗೆ ಕೊಡುತ್ತಿದ್ದರು. ಆಮೇಲೆ ಕದ್ದು ತಿನ್ನುತ್ತಿದ್ದೆ, ಇನ್ನೂ ಜಾಸ್ತಿ. ನಿಮ್ಮ ಮಗಳಿಗೊಂದು ನಿಯಮ, ತಮ್ಮನಿಗೊಂದು ಅಂತ ಮಾಡಬೇಡಿ. ಸಿಹಿ ಪಾನೀಯ ಬೇಡ ಅಂದರೆ ಅದು ಮನೆಗೇ ಬರಬಾರದು, ಅಪ್ಪನಿಗೂ ಇಲ್ಲ. ಬೆಳೆಯುವ ವಯಸ್ಸು, ಎಷ್ಟೋ ಮಕ್ಕಳಿಗೆ ತೂಕ ಇಳಿಸಲೇಬೇಕು ಅಂತಿಲ್ಲ. ಅದು ಏರದೆ ನಿಂತರೆ ಎತ್ತರ ಬೆಳೆದ ಹಾಗೆ ಸರಿಹೋಗುತ್ತದೆ. ಅವಳ ತೂಕ ಎಷ್ಟಿರಬೇಕು ಅಂತ ವೈದ್ಯರನ್ನೇ ಕೇಳಿ. ತೂಕದ ಯಂತ್ರವನ್ನು ಮಾತ್ರ ಹಾಲ್‌ನಲ್ಲಿ ಇಡಬೇಡಿ.
– ಹೆಸರು ಬೇಡ