ಎಂಜಿಬಿ ಬಿಸಿಯಾದ ಮೇಲೆ ಏರಿನಲ್ಲಿ ಕೆಮ್ಮಿ ನಿಲ್ಲುತ್ತದೆ: ಕಾರ್ಬ್ಯುರೇಟರೋ, ಪೆಟ್ರೋಲೋ?

ಮುಳ್ಳೇರಿಯ ರೋಡ್‌ಸ್ಟರ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1966ರ ಎಂಜಿಬಿ ರೋಡ್‌ಸ್ಟರ್ (ಇಂಗ್ಲೆಂಡಿನ ಹಳೆ ತೆರೆದ ಸ್ಪೋರ್ಟ್ಸ್ ಕಾರು) ಉಂಟು. 1798 ಸಿಸಿ ಎಂಜಿನ್, ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡಲು ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಕಾರ್ಬ್ಯುರೇಟರ್, ಹಿಂದಿನ ಚಕ್ರದ ಹತ್ತಿರ ಎಸ್‌ಯು ಎಲೆಕ್ಟ್ರಿಕ್ ಪಂಪ್, ಪ್ಲಗ್‌ಗಳಿಗೆ ಕಿಡಿ ಹಂಚುವ ಲೂಕಸ್ ಡಿಸ್ಟ್ರಿಬ್ಯೂಟರ್. ಅದರೊಳಗಿನ ಪಾಯಿಂಟ್ಸ್, ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಬಾಡಿಗೆ) ಎಲ್ಲ ಹಳೆಯದೇ ಉಂಟು, ಏನೂ ಬದಲಿಸಿಲ್ಲ. ಕೊಡಗಿನ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಕಾರು, ತಂದು ಸರಿ ಮಾಡಿಸಿ ಓಡಿಸುತ್ತಿದ್ದೇನೆ.

ತೊಂದರೆ ಏನೆಂದರೆ, ಈ ಸಲ ಮಳೆಗಾಲ ಪೂರ್ತಿ ಕಾರು ಮನೆಯಲ್ಲೇ ಇತ್ತು. ಅಕ್ಟೋಬರ್‌ನಲ್ಲಿ ಹೊರಗೆ ತೆಗೆದೆ. ಬೆಳಗ್ಗೆ ಚೋಕ್ ಎಳೆದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಚೆರ್ಕಳದವರೆಗೆ, ಅಲ್ಲಿಂದ ಹೈವೇಯಲ್ಲಿ ಕಾಞಂಗಾಡಿನವರೆಗೆ ಏನೂ ತೊಂದರೆ ಇಲ್ಲ. ಪಾಣತ್ತೂರು ದಾಟಿ ಕರಿಕೆ ಕಡೆಗೆ ಏರು ಶುರುವಾಗಬೇಕು, ಆಗ ನೋಡಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದರೆ ಮೊದಲು ಒಂದು ಜಗ್ಗು, ಆಮೇಲೆ ಕಾರ್ಬ್ಯುರೇಟರ್ ಬಾಯಿಯಿಂದ ಪಟ್ ಪಟ್ ಅಂತ ಕೆಮ್ಮು, ಆಮೇಲೆ ಬಲವೇ ಇಲ್ಲ. ಬದಿಗೆ ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗದವರ ಹಾಗೆ ಮತ್ತೆ ಓಡುತ್ತದೆ, ಮುಂದಿನ ದೊಡ್ಡ ಏರಿನಲ್ಲಿ ಮತ್ತೆ ಅದೇ ಕತೆ.

ಮೇಸ್ತ್ರಿ ಎರಡೂ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕೊಟ್ಟರು. ಪ್ಲಗ್ ಹೊಸದು. ಈಗ ಅವರು ಸೂಜಿ, ಜೆಟ್, ಫ್ಲೋಟ್ ವಾಲ್ವ್ ಎಲ್ಲ ಇಂಗ್ಲೆಂಡಿನಿಂದ ತರಿಸಿ ಅಂತಿದ್ದಾರೆ. ಸಾಮಾನಿನ ಬೆಲೆ, ಸಾಗಾಟ, ಕಸ್ಟಮ್ಸ್ ಎಲ್ಲ ಸೇರಿದರೆ ಸಣ್ಣ ಮೊತ್ತ ಅಲ್ಲ. ತರಿಸುವ ಮೊದಲು ಏನು ನೋಡಬೇಕು, ಹೇಳಿ.

ಕಾಞಂಗಾಡಿನ ಹಳೆ ಸ್ಪ್ಯಾನರ್

ಮಾರಾಯ್ರೆ, ದಯವಿಟ್ಟು ಈಗಲೇ ಏನೂ ತರಿಸಬೇಡಿ. ಎಸ್‌ಯು ಕಾರ್ಬ್ಯುರೇಟರ್ ತುಂಬ ಸರಳ ಯಂತ್ರ. ಪಿಸ್ಟನ್ ಮೇಲೆ ಹೋಗುತ್ತದೆ, ಸೂಜಿ ಅದರ ಜೊತೆ ಎದ್ದು ಜೆಟ್, ಅಂದರೆ ಪೆಟ್ರೋಲ್ ಬರುವ ತೂತು, ತೆರೆಯುತ್ತದೆ, ಅಷ್ಟೇ. ಬೆಳಗ್ಗೆ ಚೆನ್ನಾಗಿ ಓಡುವ ಸೂಜಿ ಮಧ್ಯಾಹ್ನ ಏರಿನಲ್ಲಿ ಕೆಡುವುದಿಲ್ಲ, ನಿಂತು ಸುಧಾರಿಸಿಕೊಂಡು ಮತ್ತೆ ಸರಿಯಾಗುವುದೂ ಇಲ್ಲ. ಬರಿಯ ಊಹೆಯ ಮೇಲೆ ಸಾಮಾನು ಬದಲಿಸುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಎಷ್ಟೋ ಒಳ್ಳೆಯ ಹಳೆ ಸೂಜಿ, ಜೆಟ್ ಹೀಗೇ ಗುಜರಿಗೆ ಹೋಗಿವೆ.

ಮೊದಲು ತಿಳಿಯಬೇಕಾದ್ದು ಒಂದೇ. ನಿಲ್ಲುವಾಗ ಇಲ್ಲದಿರುವುದು ಕಿಡಿಯೋ, ಪೆಟ್ರೋಲೋ? ನಿಮ್ಮ 66ರ ಕಾರಿನಲ್ಲಿ ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಎಲೆಕ್ಟ್ರಿಕ್, ಇಗ್ನಿಷನ್ (ಕಿಡಿಯ) ಲೈನಿನಿಂದಲೇ ಓಡುವುದು. ಹಾಗಾಗಿ ಅದೇ ಸಾಕ್ಷಿ ಹೇಳುತ್ತದೆ. ಕಾರು ಜಗ್ಗುವಾಗ ಕ್ಲಚ್ ಒತ್ತದೆ, ಗೇರಿನಲ್ಲೇ ಇಟ್ಟು ಮುಳ್ಳು ನೋಡಿ. ಚಕ್ರ ತಿರುಗುತ್ತಿರುವಾಗಲೇ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ ಅಥವಾ ಹುಚ್ಚುಹುಚ್ಚಾಗಿ ಕುಣಿದರೆ ಇಗ್ನಿಷನ್. ಕಂಡೆನ್ಸರ್, ಪಾಯಿಂಟ್ಸ್, ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರು, ಇವುಗಳಲ್ಲಿ ಒಂದು. ಬಿಸಿಯಾದ ಮೇಲೆ ಕೈಕೊಡುವ ಕಂಡೆನ್ಸರ್ ನಾನು ಬಹಳ ನೋಡಿದ್ದೇನೆ, ಅದೂ ಈಗ ಸಿಗುವ ಹೊಸವುಗಳಲ್ಲಿ ಜಾಸ್ತಿ. ಮುಳ್ಳು ಎಂಜಿನ್ ಜೊತೆಗೇ ಮೆಲ್ಲಗೆ ಇಳಿದರೆ ಪೆಟ್ರೋಲ್ ಕಡೆ ಹುಡುಕಿ.

ಪೆಟ್ರೋಲ್ ಅಂತಾದರೆ ನಿಂತ ಜಾಗದಲ್ಲೇ ನೋಡಬೇಕು, ಮನೆಗೆ ತಂದು ತಣ್ಣಗಾದ ಮೇಲೆ ನೋಡಿದರೆ ಏನೂ ಸಿಗುವುದಿಲ್ಲ. ಇಗ್ನಿಷನ್ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಪಂಪ್ ಮತ್ತೆ ತುಂಬಿಸಿಬಿಡುತ್ತದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿಡುವ ಎರಡೂ ಫ್ಲೋಟ್ ಚೇಂಬರಿನ ಮುಚ್ಚಳದ ಮೂರು ಮೂರು ಸ್ಕ್ರೂ ಬಿಚ್ಚಿ ಒಳಗೆ ಪೆಟ್ರೋಲ್ ಎಷ್ಟು ಉಂಟು ನೋಡಿ. ಇದೊಂದು ಮಾತು ಗಮನದಲ್ಲಿರಲಿ: ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಬದಿಗೆ ಇವೆ, ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಕಾರೇ ಉಳಿಯುವುದಿಲ್ಲ. ಎಕ್ಸಾಸ್ಟ್ ಸ್ವಲ್ಪ ತಣಿಯುವವರೆಗೆ ಕಾಯಿರಿ, ಬಟ್ಟೆ ಅಡ್ಡ ಹಿಡಿಯಿರಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ.

ಅಷ್ಟರಲ್ಲಿ ಟ್ಯಾಂಕಿನ ಕ್ಯಾಪ್ ಕೂಡ ಒಮ್ಮೆ ತೆರೆಯಿರಿ. ಉಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಗಾಳಿಯ ತೂತು ಮುಚ್ಚಿದೆ ಅಂತ ಅರ್ಥ. ನಿಂತು ಹೋಗುವುದು, ಕಾದರೆ ಸರಿಯಾಗುವುದು ಅದರಿಂದಲೂ ಆಗುತ್ತದೆ.

ಪ್ಲಗ್ ನಾಲ್ಕೂ ತೆಗೆದು ಸಾಲಾಗಿ ಇಟ್ಟು ಬಣ್ಣ ಹೇಳಿ. ಬಿಸ್ಕೆಟ್ ಬಣ್ಣ ಇದ್ದರೆ ಸರಿ, ಬಿಳಿ ಇದ್ದರೆ ಪೆಟ್ರೋಲ್ ಸಾಕಾಗುತ್ತಿಲ್ಲ ಅಂತ. ಮುಂದಿನ ಕಾರ್ಬ್ಯುರೇಟರ್ 1, 2ನೇ ಸಿಲಿಂಡರಿಗೆ, ಹಿಂದಿನದು 3, 4ಕ್ಕೆ.

ಉಪ್ಪಳ 66

ನನಗೆ ಇದು ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ಹರಿವು ತಡೆಯುವುದು, ಅನ್ನಿಸುತ್ತದೆ. ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಳಿ ಸಾಕಾಗುವುದಿಲ್ಲ, ಎಕ್ಸಾಸ್ಟ್ ಕಾಯುತ್ತದೆ, ಮೇಲಿರುವ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಕುದಿಯುತ್ತದೆ. ಕಾರ್ಬ್ಯುರೇಟರ್ ಹಿಂದೆ ಒಂದು ತಗಡಿನ ಹೀಟ್ ಶೀಲ್ಡ್ ಇರಬೇಕು, ಅದಕ್ಕೆ ಅಂಟಿಸಿದ ಇನ್ಸುಲೇಷನ್ ಉಂಟಾ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಉದುರಿ ಬರಿ ತಗಡು ಉಳಿದಿರುತ್ತದೆ. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ದಪ್ಪ ಸ್ಪೇಸರ್ ಕೂಡ ಬೇಕೇ ಬೇಕು, ಸುಮ್ನೆ ತೆಳ್ಳಗಿನ ಗ್ಯಾಸ್ಕೆಟ್ ಹಾಕಿ ಬಿಟ್ಟರೆ ಶಾಖ ನೇರ ಒಳಗೆ ಬರುತ್ತದೆ.

ಕಾಞಂಗಾಡಿನ ಹಳೆ ಸ್ಪ್ಯಾನರ್

ಶೀಲ್ಡ್, ಸ್ಪೇಸರ್ ವಿಷಯ ಸರಿ, ಅದು ಇರಲೇಬೇಕು. ಆದರೆ ಈ ತೊಂದರೆಗೆ ವೇಪರ್ ಲಾಕ್ ಹೊಂದುವುದಿಲ್ಲ. ಎಂಜಿಬಿಯಲ್ಲಿ ಪಂಪ್ ಟ್ಯಾಂಕಿನ ಹತ್ತಿರ ಇದ್ದು ಮುಂದಕ್ಕೆ ತಳ್ಳುತ್ತದೆ, ಎಂಜಿನ್ ಮೇಲೆ ಕೂತು ಎಳೆಯುವ ಮೆಕ್ಯಾನಿಕಲ್ ಪಂಪ್ ಅಲ್ಲ. ಲೈನಿನಲ್ಲಿ ಒತ್ತಡ ಇರುವಾಗ ಆವಿ ಕಟ್ಟುವುದು ಕಡಿಮೆ. ಮತ್ತೆ, ಶಾಖವೇ ಕಾರಣ ಆಗಿದ್ದರೆ ಹೈವೇ ಕೆಲಸದ ಟ್ರಾಫಿಕ್ಕಿನಲ್ಲಿ ಬಿಸಿಲಿಗೆ ನಿಂತಾಗ ಮೊದಲು ಆಗಬೇಕಿತ್ತು, ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಆಗಬೇಕಿತ್ತು. ಇವರದ್ದು ನಿಲ್ಲಿಸಿದರೆ ಸರಿಯಾಗುತ್ತದೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಕೆಡುತ್ತದೆ. ಖರ್ಚಾಗುವಷ್ಟು ಪೆಟ್ರೋಲ್ ಒಳಗೆ ಬರುತ್ತಿಲ್ಲ ಅಂತ ನನ್ನ ಅಂದಾಜು.

ಮುಳ್ಳೇರಿಯ ರೋಡ್‌ಸ್ಟರ್

ನಿನ್ನೆ ಮತ್ತೆ ಅದೇ ದಾರಿಯಲ್ಲಿ ಹೋಗಿ ಬಂದೆ. ಟ್ಯಾಕೋಮೀಟರ್ ಮುಳ್ಳು ಎಂಜಿನ್ ಜೊತೆ ಮೆಲ್ಲಗೇ ಇಳಿಯಿತು. ಕ್ಯಾಪ್ ತೆರೆದಾಗ ಶಬ್ದ ಏನೂ ಇಲ್ಲ, ಕ್ಯಾಪ್ ಸಡಿಲ ಇಟ್ಟು ಓಡಿಸಿದರೂ ಅದೇ. ಹೀಟ್ ಶೀಲ್ಡಿನ ಇನ್ಸುಲೇಷನ್ ಚೆನ್ನಾಗಿಯೇ ಉಂಟು, ಸ್ಪೇಸರ್ ಕೂಡ ಉಂಟು. ಪ್ಲಗ್ 3, 4 ಒಳ್ಳೆ ಬಿಸ್ಕೆಟ್ ಬಣ್ಣ, 1 ಮತ್ತು 2 ಸುಣ್ಣ ಬಳಿದಷ್ಟು ಬಿಳಿ. ಮುಚ್ಚಳ ತೆಗೆದರೆ ಹಿಂದಿನ ಚೇಂಬರ್ ತುಂಬಿತ್ತು, ಮುಂದಿನದರಲ್ಲಿ ತಳದಲ್ಲಿ ಸ್ವಲ್ಪ ಮಾತ್ರ. ಮುಂದಿನ ಫ್ಲೋಟ್ ವಾಲ್ವ್ ಬಿಚ್ಚಿ ಊದಿ ನೋಡಿದೆ, ಎಲ್ಲೂ ಅಂಟುವುದಿಲ್ಲ. ಮುಚ್ಚಳ ತಲೆಕೆಳಗೆ ಹಿಡಿದು ಫ್ಲೋಟಿನ ಎತ್ತರ ನೋಡಿದೆ, 3 ಮಿಮೀ ಡ್ರಿಲ್ ಬಿಟ್ ಸರಿಯಾಗಿ ಕೂತಿತು. ಪಂಪಿನ ಪೈಪನ್ನು ಎಂಜಿನ್ ಕಡೆಯಿಂದ ಕಳಚಿ ಬಾಟಲಿಗೆ ಬಿಟ್ಟರೆ ನಿಮಿಷಕ್ಕೆ ಒಂದು ಲೀಟರ್ ಹತ್ತಿರ ಬರುತ್ತದೆ. ಹಾಗಾದರೆ ಮುಂದಿನ ಚೇಂಬರ್ ಮಾತ್ರ ಯಾಕೆ ಖಾಲಿ?

ಹೊಸೂರು ಟ್ವಿನ್ ಕಾರ್ಬ್

ಒಂದು ಚೇಂಬರಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪ್ ಯಾವಾಗ ಹಾಕಿದ್ದು? ಅದನ್ನು ಕಳಚಿ ಉದ್ದಕ್ಕೆ ಸೀಳಿ ನೋಡಿ. ಹೊರಗಿನಿಂದ ನೋಡಬೇಡಿ, ಹೊರಗೆ ಏನೂ ಕಾಣುವುದಿಲ್ಲ.

ಪಂಪ್ ಒಂದು ಲೀಟರ್ ಕೊಡುತ್ತದೆ ಅಂದರೆ ಪಂಪ್, ಟ್ಯಾಂಕ್, ಉದ್ದ ಲೈನ್ ಎಲ್ಲ ಸರಿ ಉಂಟು. ಅರ್ಧ ಲೀಟರಿಗಿಂತ ಕಡಿಮೆ ಬಂದರೆ ಮಾತ್ರ ಅಲ್ಲಿ ಹುಡುಕಬೇಕು. ವಾಲ್ವ್ ಸರಿ, ಫ್ಲೋಟ್ ಸರಿ. ಉಳಿದದ್ದು ಆ ಪೈಪ್ ಒಂದೇ.

ಈಗ ನಮ್ಮ ಬಂಕುಗಳಲ್ಲಿ ಬರುವುದು 20 ಶೇಕಡ ಎಥನಾಲ್ ಇರುವ ಪೆಟ್ರೋಲ್. ತಲಪಾಡಿ ಗಡಿಯ ಈಚೆ ಹಾಕಿಸಿದರೂ ಆಚೆ ಹಾಕಿಸಿದರೂ ಅದೇ, ಬೆಲೆಯಲ್ಲಿ ಮಾತ್ರ ವ್ಯತ್ಯಾಸ. 60ರ ದಶಕದ ರಬ್ಬರ್, ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಮಾಮೂಲಿ ಪೈಪ್, ಎರಡೂ ಎಥನಾಲ್ ತಡೆಯುವುದಿಲ್ಲ. ಒಳಗಿನ ಪದರ ಉಬ್ಬಿ, ಮೆತ್ತಗಾಗಿ, ಕೊನೆಗೆ ಗೋಡೆಯಿಂದ ಬಿಟ್ಟು ಬರುತ್ತದೆ. ನಿಧಾನ ಓಡಿಸುವಾಗ ಸಂದಿಯಲ್ಲಿ ಬರುವ ಪೆಟ್ರೋಲ್ ಸಾಕಾಗುತ್ತದೆ. ಏರಿನಲ್ಲಿ ಜಾಸ್ತಿ ಬೇಕಾದಾಗ ಹರಿವಿಗೆ ಆ ಪದರವೇ ಎದ್ದು ದಾರಿ ಮುಚ್ಚುತ್ತದೆ. ನಿಲ್ಲಿಸಿದರೆ ಮೆಲ್ಲಗೆ ಇಳಿದು ತುಂಬುತ್ತದೆ. ಮಳೆಗಾಲದಲ್ಲಿ ಓಡಿಸದೆ ಬಿಟ್ಟರೆ ಪೆಟ್ರೋಲ್ ಅದೇ ಪೈಪಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದಲ್ವಾ, ಆಗಲೇ ಹಾಳಾಗುವುದು.

ಬದಲಿಸುವುದಾದರೆ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಅಂತ ಮೇಲೆ ಅಚ್ಚು ಹಾಕಿದ ಪೈಪನ್ನೇ ಕೇಳಿ. ಆ ಅಚ್ಚು ಇಲ್ಲದಿದ್ದರೆ ಎಷ್ಟು ದಪ್ಪ ಇದ್ದರೂ ತೆಗೆದುಕೊಳ್ಳಬೇಡಿ. ಪಂಪಿನ ಹತ್ತಿರ ಇರುವ ತುಂಡುಗಳನ್ನೂ, ಜೆಟ್ಟಿಗೆ ಹೋಗುವ ಸಣ್ಣ ಪೈಪಿನ ತುದಿಯ ರಬ್ಬರ್ ಸೀಲನ್ನೂ ಜೊತೆಗೇ ನೋಡಿ. ಒಂದು ಹಾಳಾಗಿದ್ದರೆ ಉಳಿದವು ಅದೇ ವಯಸ್ಸಿನವು.

ಮುಳ್ಳೇರಿಯ ರೋಡ್‌ಸ್ಟರ್

ಬ್ಲೇಡಿನಲ್ಲಿ ಸೀಳಿದೆ. ಹೊರಗೆ ನೂಲಿನ ಹೊದಿಕೆ ಹೊಸದರ ಹಾಗೇ ಇತ್ತು, ಒಂದು ಬಿರುಕೂ ಇಲ್ಲ. ಒಳಗೆ ನೋಡಿದರೆ ಕಪ್ಪು ಪದರ ಒಂದು ಬದಿ ಪೂರ್ತಿ ಬಿಟ್ಟು, ಉಗುರಿನಷ್ಟು ದೊಡ್ಡ ನಾಲಗೆ ಎದ್ದು ನಿಂತಿತ್ತು. ಬೆರಳಲ್ಲಿ ತಿಕ್ಕಿದರೆ ಮಸಿ ಹಾಗೆ ಅಂಟಿತು. ಒಂದು ಕಡೆಯಿಂದ ಊದಿದರೆ ಗಾಳಿ ಹೋಗುತ್ತದೆ, ಜೋರಾಗಿ ಊದಿದರೆ ನಿಲ್ಲುತ್ತದೆ! ಮೇಸ್ತ್ರಿಗೂ ತೋರಿಸಿದೆ, ಅವರು ಆ ತುಂಡನ್ನು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ, ಬಂದವರಿಗೆ ತೋರಿಸಲಿಕ್ಕೆ.

ಮಂಗಳೂರಿನಲ್ಲಿ ಹುಡುಕಿ ಆರ್9 ಪೈಪ್ ತಂದು ಎಲ್ಲ ಕಡೆ ಬದಲಿಸಿದೆ. ಕರಿಕೆ ಏರು ಈಗ ಒಂದೇ ಉಸಿರಿಗೆ ಹತ್ತುತ್ತದೆ. ಹೊಸೂರಿನವರಿಗೆ, ಹಳೆ ಸ್ಪ್ಯಾನರ್ ಅವರಿಗೆ ತುಂಬ ತುಂಬ ಧನ್ಯವಾದ. ಇನ್ನೊಂದೇ ಪ್ರಶ್ನೆ. ಈಗ ನಾಲ್ಕೂ ಪ್ಲಗ್ ಒಂದೇ ಬಣ್ಣ, ಆದರೆ ಸ್ವಲ್ಪ ಬಿಳಿ ಕಡೆಗೇ. ಥಟ್ಟನೆ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡೆದು ಆಮೇಲೆ ಏಳುತ್ತದೆ.

ಕಾಞಂಗಾಡಿನ ಹಳೆ ಸ್ಪ್ಯಾನರ್

ಬಹಳ ಸಂತೋಷ ಆಯ್ತು.

ಬಿಳಿಗೂ ಎಥನಾಲ್ ಕಾರಣ. ಒಂದು ಕಿಲೋ ಪೆಟ್ರೋಲ್ ಉರಿಯಲಿಕ್ಕೆ ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಹಾಗಾಗಿ ಹಳೆ ಸೆಟ್ಟಿಂಗಿನಲ್ಲಿ ಈಗಿನ ಪೆಟ್ರೋಲ್ ಹಾಕಿದರೆ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಆಗುತ್ತದೆ. ಇದನ್ನು ಹಾಗೇ ಬಿಡಬೇಡಿ, ಏರಿನಲ್ಲಿ ಲೀನ್ ಓಡಿಸಿದರೆ ವಾಲ್ವ್ ಸುಡುತ್ತದೆ.

ಆ ಒಂದು ಕ್ಷಣದ ತಡೆಗೆ ಮೊದಲು ಡ್ಯಾಶ್‌ಪಾಟ್ (ಕಾರ್ಬ್ಯುರೇಟರ್ ಪಿಸ್ಟನ್ನಿನ ಮೇಲಿನ ಕೊಳವೆ) ಎಣ್ಣೆ ನೋಡಿ. ಮೇಲಿನ ಕ್ಯಾಪ್ ತಿರುಗಿಸಿ ಡ್ಯಾಂಪರ್ ಎತ್ತಿ, ಮತ್ತೆ ಇಳಿಸಿ. ಕ್ಯಾಪ್ ಕೂರಲು ಇನ್ನೂ ಅರ್ಧ ಸೆಂಟಿಮೀಟರ್ ಇರುವಾಗಲೇ ಎಣ್ಣೆಯ ತಡೆ ಕೈಗೆ ಸಿಗಬೇಕು. ಸಿಗದಿದ್ದರೆ ಹಾಕಿ. ನಮ್ಮ ಸೆಕೆಗೆ 20ಡಬ್ಲ್ಯು-50 ಎಂಜಿನ್ ಆಯಿಲ್ ಚೆನ್ನಾಗಿ ನಡೆಯುತ್ತದೆ.

ಆಮೇಲೆ ಮಿಶ್ರಣ. ಎಂಜಿನ್ ಪೂರ್ತಿ ಬಿಸಿಯಾಗಲಿ. ಏರ್ ಫಿಲ್ಟರ್ ತೆಗೆಯಿರಿ, ಎರಡು ಕಾರ್ಬ್ಯುರೇಟರಿನ ನಡುವಿನ ಕ್ಲಾಂಪ್ ಸಡಿಲಿಸಿ, ಒಂದು ಸಣ್ಣ ಪೈಪಿನ ತುದಿ ಕಿವಿಗೆ ಹಿಡಿದು ಇನ್ನೊಂದು ತುದಿ ಕಾರ್ಬ್ಯುರೇಟರ್ ಬಾಯಿಯಲ್ಲಿಟ್ಟು ಗಾಳಿಯ ಶಬ್ದ ಕೇಳಿ. ಎರಡರಲ್ಲೂ ಒಂದೇ ಶಬ್ದ ಬರುವವರೆಗೆ ಥ್ರಾಟಲ್ ಸ್ಕ್ರೂ ತಿರುಗಿಸಿ. ಇದು ಸರಿಯಾಗದೆ ಮಿಶ್ರಣ ಮುಟ್ಟಬಾರದು. ಈಗ ಒಂದೊಂದೇ ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಕೆಳಗಿನ ಪಿನ್ನಿನಿಂದ ಒಂದು ಮಿಮೀಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ತುಸು ಏರಿ ಮತ್ತೆ ಮೊದಲಿನ ಹಾಗೇ ಕೂತರೆ ಸರಿ. ಏರಿ ಅಲ್ಲೇ ನಿಂತರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ತಕ್ಷಣ ಕುಸಿದರೆ ಲೀನ್. ಲೀನ್ ಇದ್ದರೆ ಜೆಟ್ಟಿನ ನಟ್ಟನ್ನು ಕೆಳಗಿಳಿಸಬೇಕು, ಒಂದು ಸಲಕ್ಕೆ ಒಂದೇ ಮುಖ, ಅಂದರೆ ಆರನೇ ಒಂದು ಸುತ್ತು. ಎರಡೂ ಕಾರ್ಬ್ಯುರೇಟರಿಗೆ ಸಮ.

ಐಡಲ್ ಸರಿಯಾದ ಮೇಲೂ ಏರಿನಲ್ಲಿ ಪ್ಲಗ್ ಬಿಳಿ ಬಂದರೆ ಆಗ ಮಾತ್ರ ಸೂಜಿಯ ಮಾತು. ನಿಮ್ಮ ಕಾರಿಗೆ ಕಂಪನಿ ಕೊಟ್ಟದ್ದು ನಂ. 5, ಅದಕ್ಕಿಂತ ರಿಚ್ ಬೇಕಾದರೆ ನಂ. 6. ಒಳಗೆ ಯಾವುದುಂಟು ಅಂತ ಸೂಜಿಯ ಬುಡದಲ್ಲೇ ಕೊರೆದಿರುತ್ತದೆ, ಭೂತಗನ್ನಡಿ ಹಿಡಿದು ಓದಿ. ತರಿಸುವುದಾದರೆ ಎರಡು ಸೂಜಿ ಸಾಕು, ಪೂರ್ತಿ ಸೆಟ್ ಬೇಡ.

ಉಪ್ಪಳ 66

ನಾನೂ ಇವತ್ತು ನನ್ನ ಹಳೆ ಹೆರಾಲ್ಡ್ ಕಾರಿನ ಪೈಪ್ ಸೀಳಿ ನೋಡಿದೆ. ಒಳಗೆ ಬಿಡಲು ಶುರುವಾಗಿದೆ. ಮಳೆಗಾಲಕ್ಕೆ ಮುಂಚೆ ಏನು ಮಾಡಬೇಕು, ಟ್ಯಾಂಕ್ ತುಂಬಿಸಿ ಇಡುವುದೋ, ಖಾಲಿ ಮಾಡುವುದೋ?

ಹೊಸೂರು ಟ್ವಿನ್ ಕಾರ್ಬ್

ನಿಮ್ಮ ಕಡೆಯ ಮಳೆಗೆ ನಾನಾದರೆ ಖಾಲಿ ಮಾಡುತ್ತೇನೆ. ಮೊದಲಿನ ಪೆಟ್ರೋಲ್ ಆಗಿದ್ದರೆ ತುಂಬಿಸಿಡಿ ಅನ್ನುತ್ತಿದ್ದೆ. ಎಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ತಳದಲ್ಲೇ ಪಂಪಿನ ಬಾಯಿ ಇರುವುದು. ಟ್ಯಾಂಕ್ ಜೊತೆಗೆ ಫ್ಲೋಟ್ ಚೇಂಬರನ್ನೂ ಖಾಲಿ ಮಾಡಿ. ತಿಂಗಳಿಗೆ ಒಂದೆರಡು ಸಲ ಬಿಸಿಲು ಬಂದ ದಿನ ಓಡಿಸಲು ಆಗುತ್ತದೆ ಅಂದರೆ ಖಾಲಿ ಮಾಡುವುದು ಬೇಡ, ಓಡಿಸುವುದೇ ಒಳ್ಳೆಯದು.

ಮತ್ತೆ ಮುಳ್ಳೇರಿಯದವರೇ, ಹೊಸ ಪೈಪ್ ಹಾಕಿದ ಮೇಲೆ ಒಂದು ವಾರ ಬಿಟ್ಟು ಎರಡೂ ಫ್ಲೋಟ್ ಚೇಂಬರ್ ಮತ್ತೊಮ್ಮೆ ತೆರೆದು ತಳ ಒರೆಸಿ. ಹಳೆ ಪೈಪಿನ ಕಪ್ಪು ಚೂರುಗಳು ಅಲ್ಲಿ ಉಳಿದಿರುತ್ತವೆ, ಜೆಟ್ಟಿಗೆ ಹೋದರೆ ಮತ್ತೆ ಅದೇ ಕೆಮ್ಮು ಶುರುವಾಗುತ್ತದೆ.