ಮಕ್ಕಳ ತಮಾಷೆ ಪುಸ್ತಕ: ಚಿತ್ರ, ಪ್ರಿಂಟಿಂಗ್ ಗೊತ್ತಿರುವವರು ಸಹಾಯ ಮಾಡಿ

ನಮಸ್ಕಾರ ಎಲ್ಲರಿಗೂ. ನಾನು ಹುಬ್ಬಳ್ಳಿಯವಳು. ಆರೇಳು ವರ್ಷದ ಮಕ್ಕಳಿಗಾಗಿ ಒಂದು ತಮಾಷೆ ಪುಸ್ತಕ ಬರೆದು, ಚಿತ್ರಾನೂ ನಾನೇ ಬಿಡಿಸುತ್ತಿದ್ದೇನೆ. ಕಥೆ ಇಷ್ಟೇ: ಉಣಕಲ್ ಕೆರೆಯ ಎಮ್ಮೆಯೊಂದು ಪೇಡೆ ತಿನ್ನಲು ಚಿಗರಿ ಬಸ್ಸಿನಲ್ಲಿ (ನಮ್ಮ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು) ಧಾರವಾಡಕ್ಕೆ ಹೊರಡುತ್ತದೆ, ನಿಲ್ದಾಣದ ಟಿಕೆಟ್ ಗೇಟಿನಲ್ಲೇ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. (ನೀತಿ ಏನು ಅಂತ ಕೇಳಬೇಡಿ, ಇಲ್ಲ.)

ಮಾತಿನಲ್ಲಿ ಹೇಳಿದ್ದನ್ನೇ ಚಿತ್ರದಲ್ಲೂ ತೋರಿಸಿದರೆ ನಗು ಸತ್ತೇ ಹೋಗುತ್ತದೆ ಅಲ್ವಾ? ಅದಕ್ಕೆ "ಎಮ್ಮೆ ಆರಾಮಾಗಿ ಒಳಗೆ ಹೋಯಿತು" ಅಂತ ಬರೆದು, ಪುಟ ತಿರುಗಿಸಿದರೆ ಕಿತ್ತು ಬಂದ ಗೇಟು ಅದರ ಸೊಂಟದಲ್ಲಿ ಒಡ್ಯಾಣದ ಹಾಗೆ ನೇತಾಡುವ ಚಿತ್ರ ಇಟ್ಟಿದ್ದೇನೆ. ಇದು ಮಕ್ಕಳಿಗೆ ಹತ್ತುತ್ತದಾ? ಕನ್ನಡ ಶಾಲೆಯ ಟೀಚರ್ ಯಾರಾದರೂ ಇದ್ದರೆ ಕ್ಲಾಸಿನಲ್ಲಿ ಓದಿ ತೋರಿಸಿ, ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಹೇಳಿ. ಸುಮ್ನೆ ಹೊಗಳುವುದು ಬೇಡ.

ಇನ್ನೊಂದು, ಪ್ರಿಂಟಿಂಗ್. ಪಿನ್ ಹೊಡೆದ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು, ನಂದು 30 ಆಗಿದೆ. ಎರಡು ಕಡಿಮೆ ಮಾಡಲೋ, 32 ಮಾಡಲೋ? ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಹಾಕಿದರೆ ಒತ್ತಕ್ಷರ ಬೇರೆ ಒಡೆಯುತ್ತಿವೆ. ಗದಗದ ಕಡೆ ಕಡಿಮೆ ಪ್ರತಿಗಳನ್ನೂ ಬಣ್ಣದಲ್ಲಿ ಮಾಡಿಕೊಡುವ ಪ್ರೆಸ್ ಗೊತ್ತಿದ್ದರೆ ಮೆಸೇಜ್ ಮಾಡಿ, ರೇಟ್ ಸಮೇತ.