ಸ್ಟ್ರೋಕ್ ಆದ್ಮೇಲೆ ಕೈ ಬೆರಳು ಬರೋಕೆ ಅಕ್ಯುಪಂಕ್ಚರ್ ಮಾಡ್ಸಬಹುದಾ?

ಹಿರಿಮಗಳು:
ಎಲ್ರಿಗೂ ನಮಸ್ಕಾರ. ಅಪ್ಪಂಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳ ಹತ್ರ ಬಂತು, ಬಲಗಡೆ ಪೂರ್ತಿ ಬಿದ್ದೋಗಿತ್ತು. ಕಾಲು ಪರವಾಗಿಲ್ಲ, ಕೋಲು ಹಿಡ್ಕೊಂಡು ಮನೆಯೊಳಗೆ ಓಡಾಡ್ತಾರೆ, ಆದ್ರೆ ಕೈ ಮಾತ್ರ ಹಿಂದೆ ಉಳ್ಕೊಂಡಿದೆ. ಭುಜ ಸ್ವಲ್ಪ ಎತ್ತುತ್ತಾರೆ, ಮೊಣಕೈ ಮಡಚ್ತಾರೆ, ಬೆರಳು ಮಾತ್ರ ಮುಷ್ಟಿ ಕಟ್ಕೊಂಡೇ ಇರುತ್ತೆ, ನಾವು ಬಿಡಿಸಿದ್ರೆ ಬಿಚ್ಚುತ್ತೆ, ಬಿಟ್ರೆ ಮತ್ತೆ ಮಡಚ್ಕೊಳ್ಳುತ್ತೆ. ಈಗ ಪರಿಚಯದವರೊಬ್ರು ಅಕ್ಯುಪಂಕ್ಚರ್, ಅಂದ್ರೆ ಮೈಗೆ ತೆಳು ಸೂಜಿ ಚುಚ್ಚಿ ಚಿಕಿತ್ಸೆ ಮಾಡೋರ ಹತ್ರ ಕಳ್ಸಿದ್ರು. ಅವ್ರು ನೋಡಿ ಗುಣ ಆಗುತ್ತೆ, ಆದ್ರೆ ಇದು ನಡೆಯೋವರ್ಗೂ ಫಿಸಿಯೋ ನಿಲ್ಸಿ ಅಂದ್ರು. ಅಲ್ಲೇ ನಂಗೆ ಅನುಮಾನ ಬಂದಿದ್ದು. ಅಪ್ಪಂಗೆ ತುಂಬಾ ಆಸೆ ಹುಟ್ಟಿಬಿಟ್ಟಿದೆ, ಬೇಡ ಅನ್ನೋಕೆ ಮನಸ್ಸು ಬರ್ತಿಲ್ಲ. ಎದೆಬಡಿತ ಏರುಪೇರು ಅಂತ ರಕ್ತ ತೆಳು ಮಾಡೋ ಮಾತ್ರೆನೂ ತಗೋತಿದಾರೆ. ಯಾರಾದ್ರೂ ಮಾಡ್ಸಿದೀರಾ? ಕೈಗೆ ನಿಜವಾಗ್ಲೂ ಉಪಯೋಗ ಆಗುತ್ತಾ?

ಫಿಸಿಯೋ_ಕೆಲಸದವ:
ಮೇಡಂ, ಮೊದಲನೇ ಮಾತು, ಫಿಸಿಯೋ ನಿಲ್ಲಿಸ್ಬೇಡಿ. ಅಕ್ಯುಪಂಕ್ಚರ್ ಬಗ್ಗೆ ನಡೆದಿರೋ ಅಧ್ಯಯನಗಳಲ್ಲೇ ಸುಮಾರು ಕಡೆ ಸೂಜಿ ಜೊತೆಗೆ ಮಾಮೂಲಿ ವ್ಯಾಯಾಮನೂ ನಡೆದಿರುತ್ತೆ, ಒಂದು ಬಿಟ್ಟು ಇನ್ನೊಂದು ಮಾಡಿ ಅನ್ನೋಕೆ ಯಾವ ಆಧಾರನೂ ಇಲ್ಲ. ಚಿಕಿತ್ಸೆಗಳ ಅಧ್ಯಯನಗಳನ್ನ ಒಟ್ಟುಮಾಡಿ ಪರಿಶೀಲಿಸೋ ಕಾಕ್ರೇನ್ ಅನ್ನೋ ಸಂಸ್ಥೆಯೋರು 2016ರಲ್ಲಿ 31 ಅಧ್ಯಯನ, 2257 ರೋಗಿಗಳ ಲೆಕ್ಕ ಒಟ್ಟಿಗೆ ಹಾಕಿ ನೋಡಿದ್ರು. ಸ್ವಲ್ಪ ಉಪಯೋಗ ಇರಬಹುದು ಅಂತ ಕಾಣ್ತು, ಆದ್ರೆ ಹೆಚ್ಚಿನ ಅಧ್ಯಯನಗಳ ಗುಣಮಟ್ಟ ಚೆನ್ನಾಗಿರ್ಲಿಲ್ಲ. ರೋಗಿಗೆ ಗೊತ್ತಾಗದ ಹಾಗೆ ಸುಳ್ಳು ಸೂಜಿ ಇಟ್ಟು ಹೋಲಿಸಿದ ಕೆಲವೇ ಅಧ್ಯಯನಗಳಲ್ಲಿ ಕೈಕಾಲಿನ ಚಲನೆಗೆ ವ್ಯತ್ಯಾಸನೇ ಸಿಗಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2016ರ ಮಾರ್ಗಸೂಚಿಯಲ್ಲೂ ಕೈ ಕೆಲಸ ಸುಧಾರಿಸೋಕೆ ಇದನ್ನ ಶಿಫಾರಸು ಮಾಡಿಲ್ಲ.

ಕಾಲು ಬಂದು ಕೈ ಬರದೇ ಇರೋದು ತುಂಬಾ ಜನಕ್ಕೆ ಆಗೋದೇ, ಅಪ್ಪ ಪ್ರಯತ್ನ ಸಾಲ್ತಿಲ್ಲ ಅಂತ ಅಲ್ಲ. ಬೆರಳನ್ನ ಒಂದೊಂದಾಗಿ ಆಡ್ಸೋಕೆ ಮೆದುಳಿಂದ ಬೆನ್ನುಹುರಿಗೆ ಇಳಿಯೋ ಒಂದು ನರದ ದಾರಿನೇ ಮುಖ್ಯ, ಅದಕ್ಕೆ ಪೆಟ್ಟು ಬಿದ್ರೆ ಬೆರಳು ಕೊನೆಗೆ ಬರುತ್ತೆ, ಕೆಲವರಿಗೆ ಪೂರ್ತಿ ಬರೋದೂ ಇಲ್ಲ. ಮಿಕ್ಕಿರೋ ದಾರಿ ಗಟ್ಟಿಯಾಗ್ಬೇಕು ಅಂದ್ರೆ ಆ ಕೈಯಿಂದಲೇ ಕೆಲಸ ಮಾಡ್ಬೇಕು, ಲೋಟ ಹಿಡಿಯೋದು, ಬಟ್ಟೆ ಮಡಚೋದು, ಮೇಜು ಒರೆಸೋದು, ದಿನಕ್ಕೆ ನೂರಾರು ಸಲ. ಸೂಜಿ ಇಟ್ಟು ಅರ್ಧ ಗಂಟೆ ಮಲಗಿಸಿದ್ರೆ ಅಷ್ಟು ಹೊತ್ತು ಕೈ ಏನೂ ಕಲೀತಿರಲ್ಲ. ಸುಧಾರಣೆ ಜೋರಾಗಿ ನಡೆಯೋದು ಮೊದಲ ಕೆಲವು ತಿಂಗಳಲ್ಲೇ, ಅಪ್ಪ ಇನ್ನೂ ಅದರ ಹತ್ರದಲ್ಲೇ ಇದಾರೆ, ಈ ಟೈಮಲ್ಲಿ ಅಭ್ಯಾಸ ತಪ್ಪಿಸೋದು ಅನ್ಯಾಯ ಅನ್ಸುತ್ತೆ ನಂಗೆ.

ತುಂಬೆಹೂ:
ನಮ್ಮತ್ತೆಗೆ ಮಾಡ್ಸಿದ್ವಿ ಅಕ್ಕಾ, ಫಿಸಿಯೋ ಬಿಡದೇ ಜೊತೆಗೇ. ಕೈಲಿ, ಮೊಣಕೈ ಹತ್ರ ಸೂಜಿ ಇಟ್ಟು ಸಣ್ಣದಾಗಿ ಕರೆಂಟೂ ಕೊಡ್ತಿದ್ರು. ಮಾಡ್ಸಿ ಬಂದ ದಿನ ಕೈ ಸ್ವಲ್ಪ ಸಡಿಲ ಆಗ್ತಿತ್ತು, ಭುಜದ ನೋವೂ ಕಮ್ಮಿ ಅಂತ ಅವರೇ ಹೇಳ್ತಿದ್ರು, ಮಾರನೇ ದಿನ ಮತ್ತೆ ಬಿಗಿ. ಅದಕ್ಕೆ ನಾವು ಆ ಸಡಿಲ ಇರೋ ಹೊತ್ತಲ್ಲೇ ಅವರನ್ನ ಕೂರ್ಸಿ ಕೈ ಕೆಲಸ ಮಾಡ್ಸ್ತಿದ್ವಿ. ಈಗ ಬಾಗಿಲು ಚಿಲಕ ತೆಗೀತಾರೆ, ಸೀರೆ ಸೆರಗು ಸರಿ ಮಾಡ್ಕೋತಾರೆ. ಸೂಜಿಯಿಂದ ಬಂತೋ ಅಭ್ಯಾಸದಿಂದ ಬಂತೋ ಅಂದ್ರೆ ನಾನು ಅಭ್ಯಾಸ ಅಂತೀನಿ, ಅತ್ತೆ ಎರಡೂ ಅಂತಾರೆ. ಅಪ್ಪಂಗೆ ಆಸೆ ಇದೆ ಅಂದ್ರೆ ಪೂರ್ತಿ ಬೇಡ ಅನ್ಬೇಡಿ, ಫಿಸಿಯೋ ನಿಲ್ಸಿ ಅನ್ನದೇ ಇರೋ ಇನ್ನೊಬ್ರ ಹತ್ರ ಹೋಗಿ.

ನರ್ಸ್_ಅಕ್ಕ:
ರಕ್ತದ ಮಾತ್ರೆ ವಿಷ್ಯ ಯಾರೂ ಹೇಳ್ಲಿಲ್ಲ, ಅದು ಮುಖ್ಯ. ಆ ಮಾತ್ರೆ ತಗೊಳೋರಿಗೆ ಸೂಜಿ ಹಾಕಲೇಬಾರ್ದು ಅಂತೇನಿಲ್ಲ, ಸೂಜಿ ತುಂಬಾ ತೆಳು ಇರುತ್ತೆ, ಆದ್ರೆ ಚುಚ್ಚಿದ ಕಡೆ ಒಳಗೆ ರಕ್ತ ಸೋರಿ ಊದೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಮೊದ್ಲು ನ್ಯೂರಾಲಜಿಸ್ಟ್‌ನ ಕೇಳಿ, ವಾರ್ಫರಿನ್ ಆಗಿದ್ರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ತೋರ್ಸೋ ರಕ್ತಪರೀಕ್ಷೆ) ಎಷ್ಟಿದೆ ನೋಡ್ಸಿ. ಸೂಜಿಗೋಸ್ಕರ ಯಾರು ಹೇಳಿದ್ರೂ ಮಾತ್ರೆ ಒಂದು ದಿನನೂ ನಿಲ್ಲಿಸ್ಬೇಡಿ, ಎದೆಬಡಿತ ಏರುಪೇರು ಇರೋರಿಗೆ ಇನ್ನೊಂದು ಸ್ಟ್ರೋಕ್ ಆಗದಂತೆ ತಡೀತಿರೋದು ಅದೇ.

ಪೇಸ್‌ಮೇಕರ್ ಹಾಕಿದ್ರೆ ಕರೆಂಟ್ ಕೊಡೋದು ಬೇಡ. ಸೂಜಿ ಕಣ್ಮುಂದೆ ಹೊಸ ಪ್ಯಾಕೆಟ್ ಒಡೆದು ತೆಗೀಬೇಕು. ಭುಜದ ಮೇಲ್ಭಾಗ, ಬೆನ್ನು, ಎದೆ ಕಡೆ ಆಳವಾಗಿ ಚುಚ್ಚಿದ್ರೆ ಶ್ವಾಸಕೋಶಕ್ಕೆ ತಾಗೋದು ಅಪರೂಪ, ಆದ್ರೆ ಆಗಿದ್ದಿದೆ, ಚುಚ್ಚಿಸ್ಕೊಂಡು ಬಂದ್ಮೇಲೆ ಉಸಿರು ಕಟ್ಟಿದ ಹಾಗೆ ಆದ್ರೆ ಸೀದಾ ಎಮರ್ಜೆನ್ಸಿಗೆ. ಇನ್ನೊಂದು, ಆ ಕೈಲಿ ಸ್ಪರ್ಶ ಕಮ್ಮಿ ಇದ್ರೆ ನೋವಾದ್ರೂ ಅವರಿಗೆ ಗೊತ್ತಾಗಲ್ಲ, ಜೊತೇಲಿ ಕೂತು ನೀವೇ ನೋಡ್ಬೇಕು. ಯಾರೇ ಆಗ್ಲಿ ಆ ಕೈ ಹಿಡಿದು ಎಳೆದು ಎಬ್ಬಿಸೋದು ಬೇಡ, ಭುಜದ ಕೀಲು ಜಾರಬಹುದು.

ಹಿರಿಮಗಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳ್ದೆ, ಫಿಸಿಯೋ ಬಿಡಲ್ಲ ಅಂತ ಒಪ್ಕೊಂಡ್ರು. ಇವತ್ತು ನಿಧಾನಕ್ಕೆ ನೋಡಿದ್ವಿ, ಹೆಬ್ಬೆರಳು ತೋರುಬೆರಳು ಅವರಾಗೇ ಒಂಚೂರು ಬಿಚ್ಚುತ್ತೆ, ಮಣಿಕಟ್ಟೂ ಸ್ವಲ್ಪ ಮೇಲೆ ಏಳುತ್ತೆ. ಇಷ್ಟಿದ್ರೆ ಏನಾದ್ರೂ ಮಾಡಬಹುದಾ ಸರ್?

ಫಿಸಿಯೋ_ಕೆಲಸದವ:
ಇದು ತುಂಬಾ ಒಳ್ಳೇ ಸುದ್ದಿ ಮೇಡಂ, ತಾವಾಗೇ ಬೆರಳು ಬಿಚ್ಚೋದೇ ಮುಂದಕ್ಕೆ ಕೈ ಬರುತ್ತೆ ಅನ್ನೋಕೆ ನಾವು ಹುಡುಕೋ ಗುರುತು. ಮಣಿಕಟ್ಟು, ಹೆಬ್ಬೆರಳು, ಇನ್ನೆರಡು ಬೆರಳು ತಲಾ 10 ಡಿಗ್ರಿಯಷ್ಟು ಅಲುಗಿದ್ರೂ ಒಂದು ದಾರಿ ಇದೆ, ಚೆನ್ನಾಗಿರೋ ಕೈಗೆ ಗವಸು ಹಾಕಿ ಬಿದ್ದಿರೋ ಕೈಯಲ್ಲೇ ಕೆಲಸ ಮಾಡ್ಸೋದು. 2006ರಲ್ಲಿ ಪ್ರಕಟವಾದ ಎಕ್ಸೈಟ್ ಅನ್ನೋ ಅಧ್ಯಯನದಲ್ಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದ 222 ಜನ ಇದ್ರು, ಈ ಅಭ್ಯಾಸ ಮಾಡಿದೋರಿಗೆ ಎಚ್ಚರ ಇರೋ ಹೊತ್ತಿನ 90% ಗವಸು ಹಾಕಿ 2 ವಾರ ಮಾಡ್ಸಿದ್ರು, ಒಂದು ವರ್ಷ ಆದ್ಮೇಲೂ ಉಪಯೋಗ ಉಳಿದಿತ್ತು. ಆದ್ರೆ ಅಪ್ಪ ಎಡಗೈಲಿ ಕೋಲು ಹಿಡೀತಾರಲ್ಲ, ನಡೆಯುವಾಗ ಗವಸು ಬೇಡ, ಬಿದ್ದುಬಿಟ್ಟಾರು, ಕೂತು ಮಾಡೋ ಕೆಲಸಕ್ಕೆ ಮಾತ್ರ. ಮುಷ್ಟಿಯ ಬಿಗಿ ಅಡ್ಡ ಬಂದ್ರೆ ಸ್ನಾಯು ಸಡಿಲ ಮಾಡೋ ಬೋಟುಲಿನಮ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನ ಕೇಳಿ, ಸುಮಾರು 3 ತಿಂಗಳು ಸಡಿಲ ಇರುತ್ತೆ. ಈಗಲೇ ಬೆರಳು ಎಷ್ಟು ಬಿಚ್ಚುತ್ತೆ ಅಂತ ಒಂದು ವಿಡಿಯೋ ಮಾಡಿಟ್ಕೊಳ್ಳಿ, ತಿಂಗಳಿಗೊಮ್ಮೆ ಅದೇ ಕುರ್ಚಿ ಅದೇ ಮೇಜಲ್ಲಿ ಮತ್ತೆ ತೆಗೀರಿ, ಸೂಜಿ ಮಾಡ್ಸಿದ್ರೂ ಮಾಡ್ಸದಿದ್ರೂ.